ಕಿಡ್ನಿ ಮಾರಲು ಹೊರಟ ನಮ್ಮ ಸೈಟಿನ ಹುಡುಗನನ್ನ ಹೇಗೆ ತಡೆಯೋದು?

ಸೆಂಟ್ರಿಂಗ್‌ಮೇಸ್ತ್ರಿ:
ಬೆಂಗಳೂರಲ್ಲಿ ಹದಿನೆಂಟು ವರ್ಷದಿಂದ ಸೆಂಟ್ರಿಂಗ್ ಕೆಲಸ ನನ್ನದು. ಈಗ ಕೈಕೆಳಗೆ ಒಂಬತ್ತು ಜನ, ಎಲ್ಲಾ ದೇವದುರ್ಗದ ಕಡೆಯಿಂದ ಗುಳೆ ಬಂದವರು. ಅವರಲ್ಲೊಬ್ಬ, 26 ವರ್ಷ, ನಾಲ್ಕು ದಿನದಿಂದ ರಾತ್ರಿ ಫೋನ್ ಹಿಡ್ಕೊಂಡು ಶೆಡ್ಡಿನ ಹಿಂದೆ ಹೋಗ್ತಿದ್ದ. ಹುಡುಗಿ ಇರಬೇಕು ಅಂದ್ಕೊಂಡು ಸುಮ್ಮನಿದ್ದೆ. ನಿನ್ನೆ ಊಟಕ್ಕೆ ಕೂತಾಗ ಕೇಳ್ತಾನೆ, "ಅಣ್ಣಾ, ಒಂದು ಕಿಡ್ನಿ ತೆಗೆದ್ರ ಎಷ್ಟು ದಿನಕ್ಕ ಕೆಲಸಕ್ಕ ಬರಬಹುದು?"

ಬ್ರೋಕರ್ ಒಬ್ಬ ಐದು ಲಕ್ಷ ಅಂದಿದ್ದಾನಂತೆ. ರಕ್ತ ಪರೀಕ್ಷೆ ಮುಗಿದಿದೆ. ಆಧಾರ್ ವಿಳಾಸ ಬದಲಾಯಿಸಿ, ಪೇಷಂಟಿನ ಮನೇಲಿ ಹತ್ತು ವರ್ಷದಿಂದ ಕೆಲಸಕ್ಕಿದ್ದಾನೆ, ಪ್ರೀತಿಯಿಂದ ಕೊಡ್ತಿದ್ದಾನೆ ಅಂತ ಕಾಗದ ಮಾಡಿಸ್ತಾರಂತೆ. ಇವನಿಗೆ ಸಾಲ 2.40 ಲಕ್ಷ. ಎರಡು ಬೋರ್ ಫೇಲು, ಮೇಲೆ ತಂಗಿ ಮದುವೆ. ಬೈದೆ, ಕೇಳಲಿಲ್ಲ. "ಇನ್ನೊಂದು ಐತಲ್ಲಣ್ಣಾ" ಅಂತಾನೆ. ಪೊಲೀಸಿಗೆ ಹೇಳಿದ್ರೆ ಇವನನ್ನೇ ಹಿಡೀತಾರಾ?

ಡಯಾಲಿಸಿಸ್‌ಪಾಳಿ:
ಹಿಡೀಬಹುದು. 1994ರ ಅಂಗಾಂಗ ಕಸಿ ಕಾನೂನಲ್ಲಿ ದುಡ್ಡು ಕೊಟ್ಟವನಂತೆ ತಗೊಂಡವನೂ ಅಪರಾಧಿ. 2011ರ ತಿದ್ದುಪಡಿ ಆದಮೇಲೆ 5ರಿಂದ 10 ವರ್ಷ ಜೈಲು, ದಂಡ 20 ಲಕ್ಷದಿಂದ ಒಂದು ಕೋಟಿ. ದಲ್ಲಾಳಿಗಳ ಬಂಡವಾಳ ಇದೇ. ಹೇಳಿದಷ್ಟು ಕೊಡದೆ ಹೋದರೂ ಆ ಹುಡುಗ ಠಾಣೆ ಮೆಟ್ಟಿಲು ಹತ್ತಲ್ಲ.

ಆದರೆ ಇನ್ನೂ ದುಡ್ಡು ಮುಟ್ಟಿಲ್ಲ ತಾನೇ? ಹತ್ತಿರದ ಸಂಬಂಧಿ ಅಲ್ಲದವರು ಕೊಡಬೇಕಾದ್ರೆ ಅನುಮತಿ ಸಮಿತಿ ಮುಂದೆ ಹೋಗಲೇಬೇಕು, ಅಲ್ಲಿ ವಿಡಿಯೋ ಮಾಡ್ತಾರೆ. ದುಡ್ಡಿಗೋಸ್ಕರ ಅಂತ ಅವನು ಬಾಯಿಬಿಟ್ರೆ ಕಥೆ ಅಲ್ಲಿಗೇ ಮುಗೀತು. ಅದಕ್ಕೇ ಬ್ರೋಕರ್ ಉತ್ತರಗಳನ್ನ ಉರು ಹೊಡೆಸೋದು: ಪೇಷಂಟಿಗೆ ಎಷ್ಟು ಮಕ್ಕಳು, ಅಡುಗೆಮನೆ ಯಾವ ಕಡೆ, ಹೀಗೆ.

ಅಂದಹಾಗೆ, ಮೊದಲೇ ರಿಜಿಸ್ಟ್ರೇಷನ್ ಫೀಸು ಕೇಳಿದ್ದಾನಾ? ಕೇಳಿದ್ರೆ ಅವನಿಗೆ ಕಿಡ್ನಿಯೂ ಬೇಡ, ಆ ಫೀಸೇ ಸಾಕು.

ಕೆರೆಏರಿ:
ನಮ್ಮ ಚಿಕ್ಕಪ್ಪ 1992ರಲ್ಲಿ ಕೊಟ್ಟಿದ್ದ. ಆಗಿನ್ನೂ ಕಾನೂನೇ ಬಂದಿರಲಿಲ್ಲ. 35 ಸಾವಿರ ಅಂದ್ರು, ಕೈಗೆ ಬಂದಿದ್ದು 22. ಎಡಗಡೆ ಹೊಟ್ಟೆಯಿಂದ ಬೆನ್ನಿನವರೆಗೆ ಕೊಯ್ದ ಗುರುತು. ಕೆರೇಲಿ ಈಜೋದ್ರಲ್ಲಿ ಊರಿಗೇ ಮೊದಲಿದ್ದವನು, ಆಮೇಲೆ ಯಾರೆದುರೂ ಅಂಗಿ ಬಿಚ್ಚಲಿಲ್ಲ. ರಾಗಿ ಮೂಟೆ ಎತ್ತೋಕಾಗ್ತಿರಲಿಲ್ಲ. ಚಿಕ್ಕಮ್ಮ ಹೊರ್ತಿದ್ಲು. ನಿಮ್ಮ ಹುಡುಗ ಜಾಕಿ, ಶೀಟು ಎತ್ತಿ ತಾನೇ ಕೂಲಿ ತಗೊಳ್ಳೋದು?

ಲೆಕ್ಕದಪುಸ್ತಕ:
ಚೆನ್ನೈನಲ್ಲಿ ಕಿಡ್ನಿ ಮಾರಿದ 305 ಜನರನ್ನ ಮಾತಾಡಿಸಿ ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯ್ತು. ನೂರಕ್ಕೆ 96 ಜನ ಮಾರಿದ್ದು ಸಾಲ ತೀರಿಸೋಕೆ. ಸರಾಸರಿ ಆರು ವರ್ಷ ಕಳೆದು ಕೇಳಿದಾಗ ಅವರಲ್ಲಿ ಮುಕ್ಕಾಲು ಪಾಲು ಜನ ಇನ್ನೂ ಸಾಲದಲ್ಲೇ ಇದ್ರು. ಮನೆಯ ಆದಾಯ ಮೂರನೇ ಒಂದು ಭಾಗ ಇಳಿದಿತ್ತು. 2008ರಲ್ಲಿ ಬಯಲಿಗೆ ಬಂದ ಗುರುಗ್ರಾಮದ ಜಾಲವೂ ಕೂಲಿಯವರನ್ನೇ ಕೆಲಸದ ಆಸೆ ತೋರಿಸಿ ಕರ್ಕೊಂಡು ಹೋಗಿತ್ತು.

ಮೇಸ್ತ್ರಿಯವರೇ, ಒಂದು ಪ್ರಶ್ನೆ. ಆ 2.40 ಲಕ್ಷ ಯಾರಿಗೆ ಕೊಡಬೇಕು? ಅದನ್ನ ನೀವು ಬರೆದಿಲ್ಲ. ಮುಂಗಡ ಕೊಟ್ಟು, ತೀರೋವರೆಗೂ ಬೇರೆ ಕಡೆ ಹೋಗಬೇಡ ಅಂತ ಯಾರಾದ್ರೂ ಇಟ್ಕೊಂಡಿದ್ರೆ 1976ರ ಜೀತ ಕಾನೂನು ನೋಡಿ. ಆ ಸಾಲ ಸಾಲವೇ ಅಲ್ಲ.

ಸೆಂಟ್ರಿಂಗ್‌ಮೇಸ್ತ್ರಿ:
ಎರಡು ದಿನ ಉತ್ತರ ಬರೆಯೋಕೆ ಆಗಲಿಲ್ಲ. ಅದರಲ್ಲಿ 85 ಸಾವಿರ ನನ್ನದೇ ಮುಂಗಡ. ದೀಪಾವಳಿಗೆ ಊರಿಗೆ ಹೋಗ್ತೀನಿ ಅಂದಾಗ "ಲೆಕ್ಕ ಮುಗಿಸಿ ಹೋಗು" ಅಂದಿದ್ದೆ. ಎಲ್ಲಾ ಮೇಸ್ತ್ರಿಗಳೂ ಅನ್ನೋ ಮಾತು ಅದು, ನನಗೆ ಜೀತ ಅನ್ನೋದು ತಲೆಗೇ ಬಂದಿರಲಿಲ್ಲ.

ಇವತ್ತು ಅವನೆದುರೇ ನೋಟ್‌ಬುಕ್ಕಿನ ಆ ಹಾಳೆ ಹರಿದೆ. ನನ್ನ ಮುಖ ನೋಡಿದ, ಏನೂ ಅನ್ನಲಿಲ್ಲ. ಚಿಕ್ಕಪ್ಪನ ವಿಷಯ ಓದಿ ಹೇಳಿದೆ, ಗುರುತು ಎಷ್ಟುದ್ದ ಇರ್ತದ ಅಂತ ಎರಡು ಸಲ ಕೇಳಿದ. ಸಂಜೆ ಬ್ರೋಕರ್ ಫೋನ್ ಬಂತು, ಎತ್ತಲಿಲ್ಲ. ಎರಡನೇ ಸಲ ಬಂದಾಗ ಎತ್ತಿಕೊಂಡು ಶೆಡ್ಡಿನ ಹಿಂದೆ ಹೋದ.