ಹುಂಡಿಯಲ್ಲಿ ಹೆಸರಿಲ್ಲದ ಎರಡೂವರೆ ಲಕ್ಷ: ಯಾರಿಗಾದರೂ ಹೀಗಾಗಿದೆಯಾ?

ತುಮಕೂರು ಕಡೆ ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ನಮ್ಮದು ಊರ ದೇವಸ್ಥಾನದ ಟ್ರಸ್ಟ್. ಅದರ ಕೆಳಗೇ ಒಂದು ಹೈಸ್ಕೂಲೂ ನಡೆಯುತ್ತದೆ. ಹೋದ ತಿಂಗಳು ಹುಂಡಿ ಎಣಿಸುವಾಗ ಐನೂರರ ಐದು ಕಟ್ಟು ಸಿಕ್ಕಿತು. ಒಂದೊಂದಕ್ಕೂ ಅರಿಶಿನ ದಾರ. ಜೊತೆಗೆ ಒಂದು ಚೀಟಿ: "ಶಾಲೆಯ ಕೊಠಡಿಗೆ. ಹೆಸರು ಬೇಡ." ಈ 2.50 ಲಕ್ಷವೂ ಸೇರಿ ವರ್ಷದ ದೇಣಿಗೆ 38 ಲಕ್ಷ. ಆಡಿಟರ್ ಚೀಟಿ ನೋಡಿ "ಇದೊಂದು ಇರಬಾರದಿತ್ತು" ಅಂದರು. ಅನುಭವ ಇದ್ದವರು ಹೇಳಿ.

ಹಾಸನದ ಖಜಾಂಚಿ
ಗುಪ್ತದಾನ ಅಂದರೆ ಈಗಲೂ ನನ್ನ ಬಿಪಿ ಏರುತ್ತದೆ. ನಮ್ಮದು ವೃದ್ಧಾಶ್ರಮ. ಗುಡಿಯಿಲ್ಲ, ಪೂಜೆಯಿಲ್ಲ, ಬರೀ ಧರ್ಮಾರ್ಥ, ಅಂದರೆ ಸೇವೆ. ಬೇಕರಿ, ಮೆಡಿಕಲ್ ಶಾಪು ಅಂತ 26 ಕಡೆ ಡಬ್ಬಿ ಇಟ್ಟಿದ್ದೆವು. ಆ ವರ್ಷ ಡಬ್ಬಿಗಳಿಂದಲೇ 4 ಲಕ್ಷ ಬಂತು. ಒಟ್ಟು ದೇಣಿಗೆ 18 ಲಕ್ಷ. ಹೆಸರಿಲ್ಲದ ಹಣಕ್ಕೆ ಆದಾಯ ತೆರಿಗೆ ಹಾಕುವಾಗ ಒಟ್ಟು ದೇಣಿಗೆಯ 5 ಪರ್ಸೆಂಟ್ ಅಥವಾ 1 ಲಕ್ಷ, ಯಾವುದು ದೊಡ್ಡದೋ ಅಷ್ಟನ್ನು ಬಿಡುತ್ತಾರೆ. ನಮ್ಮ 5 ಪರ್ಸೆಂಟ್ 90 ಸಾವಿರ. ಅದಕ್ಕಿಂತ 1 ಲಕ್ಷ ದೊಡ್ಡದು, ಹಾಗಾಗಿ 1 ಲಕ್ಷ ಬಿಟ್ಟು ಉಳಿದ 3 ಲಕ್ಷಕ್ಕೆ 30 ಪರ್ಸೆಂಟ್. 90,000. ಮೇಲೆ ಸೆಸ್ 3,600. ರಿಟರ್ನಿನಲ್ಲಿ ನಾವು ಬೇರೆಯಾಗಿ ತೋರಿಸಿರಲಿಲ್ಲ, ನೋಟಿಸ್ ಬಂತು. ಬಡ್ಡಿ 19 ಸಾವಿರ, ಆಡಿಟರ್ ಫೀಸು 25 ಸಾವಿರ, ಬೆಂಗಳೂರಿಗೆ ಮೂರು ಸಲ ಬಸ್ಸು. ಆ 4 ಲಕ್ಷವೂ ಅಜ್ಜಿಯರ ಊಟಕ್ಕೇ ಖರ್ಚಾಗಿತ್ತು. ಅಕ್ಕಿ ಬಿಲ್, ಬೇಳೆ ಬಿಲ್ ಎಲ್ಲ ಇತ್ತು. ಒಂದೂ ನಡೆಯಲಿಲ್ಲ. ಈ ಹಣಕ್ಕೆ ಖರ್ಚು ಕಳೆಯುವ ಹಾಗೇ ಇಲ್ಲವಂತೆ. ಈಗ 26 ಡಬ್ಬಿಯೂ ನಮ್ಮ ಅಟ್ಟದ ಮೇಲಿವೆ.

ದಾವಣಗೆರೆ ಧರ್ಮದರ್ಶಿ
ಅದಕ್ಕೇ ನಾವು ಶಾಲೆ-ಗೀಲೆ ಮುಟ್ಟಿಲ್ಲ. ನಮ್ಮ ಟ್ರಸ್ಟ್ ಡೀಡಿನಲ್ಲಿ ಪೂಜೆ, ತೇರು, ಜೀರ್ಣೋದ್ಧಾರ ಬಿಟ್ಟರೆ ಬೇರೆ ಉದ್ದೇಶವಿಲ್ಲ. 2006ರಲ್ಲಿ ಹೆಸರಿಲ್ಲದ ದೇಣಿಗೆಗೆ ತೆರಿಗೆ ಹಾಕುವ ಈ 115ಬಿಬಿಸಿ ಕಲಂ ತಂದಾಗಲೇ ಪೂರ್ತಿ ಧಾರ್ಮಿಕ ಟ್ರಸ್ಟುಗಳನ್ನು ಹೊರಗಿಟ್ಟರು. ನಮ್ಮ ಹುಂಡಿಗೆ ಇವತ್ತಿನವರೆಗೆ ಒಂದು ರೂಪಾಯಿ ತೆರಿಗೆ ಬಿದ್ದಿಲ್ಲ. ಸಮಿತಿಯಲ್ಲಿ ಆಸ್ಪತ್ರೆ ಕಟ್ಟೋಣ ಅಂತ ಎದ್ದವರಿದ್ದರು. ನಾನೇ ಕೂರಿಸಿದೆ.

ಹಾಸನದ ಖಜಾಂಚಿ
ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಇದೆಯಾ ಸ್ವಾಮಿ ನಿಮಗೆ?

ದಾವಣಗೆರೆ ಧರ್ಮದರ್ಶಿ
ಇಲ್ಲ. ದೇವರಿಗೆ ಕೊಡುವವರು ರಿಯಾಯಿತಿ ಕೇಳಲ್ಲ.

ಹಾಸನದ ಖಜಾಂಚಿ
ಕೇಳ್ತಾರೆ. ಕೇಳಿ ನಮ್ಮ ಹತ್ರ ಬರ್ತಾರೆ. ಹಸಿದವರಿಗೆ ಅನ್ನ ಹಾಕಿದವನಿಗೆ 30 ಪರ್ಸೆಂಟ್, ತೇರಿಗೆ ಬಣ್ಣ ಬಳಿದವರಿಗೆ ಸೊನ್ನೆ. ಅದರ ಮೇಲೆ ಹೆಮ್ಮೆ ಬೇರೆ.

ದಾವಣಗೆರೆ ಧರ್ಮದರ್ಶಿ
ತೇರಿನ ದಿನ ಎಂಟು ಸಾವಿರ ಎಲೆ ಹಾಕ್ತೀವಿ. ಬಂದು ಎಣಿಸಿ, ಆಮೇಲೆ ಮಾತಾಡಿ.

ಮೈಸೂರಿನಿಂದ, ಆಡಿಟ್ ಕೆಲಸದವಳು
ಕಾರ್ಯದರ್ಶಿಗಳೇ, ನಿಮ್ಮದು ಧಾರ್ಮಿಕವೂ ಹೌದು, ಧರ್ಮಾರ್ಥವೂ ಹೌದು. ಅಂಥ ಟ್ರಸ್ಟಿನ ಮಾಮೂಲಿ ಹುಂಡಿ ಹಣಕ್ಕೆ ಈ ತೆರಿಗೆ ಇಲ್ಲ. ಹೆಸರು ಹೇಳದೆ "ಶಾಲೆಗೆ", "ಆಸ್ಪತ್ರೆಗೆ" ಅಂತ ಸೂಚಿಸಿ ಕೊಟ್ಟದ್ದು ಮಾತ್ರ ಸಿಕ್ಕಿಬೀಳುತ್ತದೆ. 38 ಲಕ್ಷದ 5 ಪರ್ಸೆಂಟ್ 1.90 ಲಕ್ಷ. 2.50ರಲ್ಲಿ ಅದನ್ನು ಕಳೆದರೆ 60 ಸಾವಿರ. ಅದಕ್ಕೆ 18,000, ಸೆಸ್ 720. ಒಟ್ಟು 18,720. ಕಟ್ಟಿ, ಕೊಠಡಿನೂ ಕಟ್ಟಿಸಿ.

ಹುಬ್ಬಳ್ಳಿ ಟ್ರಸ್ಟಿ
ಮೇಡಂ, ಅಷ್ಟು ಸಲೀಸಲ್ಲ. ನೀವು ಎರಡೂ ಹೌದು ಅಂತೀರಿ, ಇಲಾಖೆ ಒಪ್ಪಬೇಕಲ್ಲ. ಶಿರಡಿ ಸಾಯಿಬಾಬಾ ಸಂಸ್ಥಾನಕ್ಕೇ "ನಿಮ್ಮದು ಬರೀ ಧರ್ಮಾರ್ಥ, ಹುಂಡಿಗೆ ತೆರಿಗೆ ಕಟ್ಟಿ" ಅಂದಿದ್ದರು. 2024ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ಅದು ಎರಡೂ ಹೌದು ಅಂತ ಹೇಳುವ ತನಕ ಬಿಡಲಿಲ್ಲ. ಶಿರಡಿಗೆ ದೊಡ್ಡ ವಕೀಲರಿದ್ದಾರೆ. ನಮಗೆ? 2025ರ ಫೆಬ್ರವರಿಯಲ್ಲಿ ಹೊಸ ಆದಾಯ ತೆರಿಗೆ ಮಸೂದೆ ಬಂದಾಗ ನಮ್ಮಂಥ ಮಿಶ್ರ ಟ್ರಸ್ಟುಗಳ ರಿಯಾಯಿತಿಯನ್ನೇ ಕೈಬಿಟ್ಟಿದ್ದರು. ಆರು ತಿಂಗಳು ನಮಗೆ ನಿದ್ದೆಯಿಲ್ಲ. ಡೀಡ್ ತಿದ್ದುಪಡಿಗೆ ಅಂತ ವಕೀಲರಿಗೆ 40 ಸಾವಿರ ಕೊಟ್ಟೆವು. ಆಮೇಲೆ ಸಂಸತ್ತಿನ ಸೆಲೆಕ್ಟ್ ಕಮಿಟಿ ಹೇಳಿ, ಆಗಸ್ಟಿನಲ್ಲಿ ಪಾಸಾದ ಕಾಯ್ದೆಯಲ್ಲಿ ವಾಪಸ್ ಸೇರಿಸಿದರು. ನಮ್ಮ 40 ಸಾವಿರ ವಾಪಸ್ ಬರಲಿಲ್ಲ.

ಚಿಕ್ಕಮಗಳೂರು ಮಾಜಿ ಅಧ್ಯಕ್ಷ
ಇಷ್ಟೆಲ್ಲ ಯಾಕೆ? ಹೆಸರು, ವಿಳಾಸ ಇದ್ದರೆ ಸಾಕಲ್ವಾ. ನಾವು ಒಂದು ವರ್ಷ ಮತದಾರರ ಪಟ್ಟಿ ತೆಗೆದು, ಸಾವಿರ ಸಾವಿರದಂತೆ ರಸೀದಿ ಬರೆದೆವು. ಮೂವರು ಹುಡುಗರು, ಮೂರು ಬಣ್ಣದ ಪೆನ್ನು, ಎರಡು ರಾತ್ರಿ.

ಮೈಸೂರಿನಿಂದ, ಆಡಿಟ್ ಕೆಲಸದವಳು
ಇದನ್ನು ಇಲ್ಲಿ ಬರೆಯೋಕೆ ನಿಮಗೆ ನಾಚಿಕೆಯಾಗಲ್ವಾ?

ಚಿಕ್ಕಮಗಳೂರು ಮಾಜಿ ಅಧ್ಯಕ್ಷ
ಪೂರ್ತಿ ಕೇಳಿ ತಾಯಿ. ಅಧಿಕಾರಿ ಅದರಲ್ಲಿ ಇಪ್ಪತ್ತು ಜನಕ್ಕೆ ಪತ್ರ ಹಾಕಿದರು. ಹನ್ನೊಂದು "ಇಂಥವರು ಇಲ್ಲ" ಅಂತ ವಾಪಸ್. ಇಬ್ಬರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಬ್ಬ ಯಜಮಾನರು "ನಾನು ಆ ದೇವಸ್ಥಾನದ ಮೆಟ್ಟಿಲೂ ಹತ್ತಿಲ್ಲ" ಅಂತ ಉತ್ತರ ಬರೆದರು. ಅದಕ್ಕೇ ನಾನು ಮಾಜಿ.

ಕುಂದಾಪುರದ ಮೊಕ್ತೇಸರ
ನಮ್ಮಲ್ಲಿ ಕ್ಯೂಆರ್ ಹಾಕಿದ್ದೇವೆ. ಡಬ್ಬಿ ಗೋಳೇ ಇಲ್ಲ, ಎಲ್ಲ ಬ್ಯಾಂಕಿನಲ್ಲೇ.

ಹಾಸನದ ಖಜಾಂಚಿ
ಕ್ಯೂಆರ್‌ನಲ್ಲಿ ಏನು ಬರುತ್ತೆ? "ಪ್ರಸಾದ್ ಎನ್, 51 ರೂಪಾಯಿ." ಯಾವ ಪ್ರಸಾದ್? ವಿಳಾಸ ಎಲ್ಲಿ? ನಮ್ಮಂಥ ಟ್ರಸ್ಟಿಗೆ ಅದೂ ಅನಾಮಧೇಯವೇ. ದಾನಿಗಳ ಪಟ್ಟಿ ಇಲಾಖೆಗೆ ಕೊಡುವ 10ಬಿಡಿ ಫಾರ್ಮ್ ತುಂಬುವಾಗ ನಮಗೆ ಗೊತ್ತಾಯಿತು. ಒಂದೊಂದು ಹೆಸರಿಗೂ ಪ್ಯಾನೋ ಆಧಾರೋ, ಇಂಥದ್ದೊಂದು ಗುರುತಿನ ನಂಬರ್ ಬೇಕಿತ್ತು. ಮೇ 31 ದಾಟಿದರೆ ದಿನಕ್ಕೆ 200 ಕಟ್ಟಬೇಕಿತ್ತು. ನಾವು 41 ದಿನ ತಡ. 8,200.

ಕುಂದಾಪುರದ ಮೊಕ್ತೇಸರ
ನಿಮಗೆ ಎಲ್ಲದರಲ್ಲೂ ದಂಡವೇ ಕಾಣುತ್ತದೆ ಮಾರಾಯ್ರೆ. ನಮ್ಮ ತಲೆನೋವೇ ಬೇರೆ. ಆರತಿ ತಟ್ಟೆಗೆ ಬಿದ್ದ ಹಣ ಯಾರದ್ದು? ಭಟ್ರು ತಮ್ಮದು ಅಂತಾರೆ. ಕ್ಯೂಆರ್ ಬಂದ ಮೇಲೆ ಅವರೂ ತಟ್ಟೆ ಪಕ್ಕ ತಮ್ಮದೊಂದು ಕ್ಯೂಆರ್ ಇಟ್ಟಿದ್ದಾರೆ.

ದಾವಣಗೆರೆ ಧರ್ಮದರ್ಶಿ
ತಟ್ಟೆ ಕಾಸು ಅರ್ಚಕರದ್ದೇ. ಅದಕ್ಕೂ ಕಣ್ಣು ಹಾಕಬೇಡಿ.

ಅರ್ಚಕರ ಮಗ, ಶಿವಮೊಗ್ಗ
ಸುಮ್ನೆ ತಟ್ಟೆ ತಟ್ಟೆ ಅಂತೀರಲ್ಲ, ನಮ್ಮ ಅಪ್ಪನಿಗೆ ಟ್ರಸ್ಟ್ ಕೊಡೋದು ತಿಂಗಳಿಗೆ ಆರು ಸಾವಿರ. ಹುಂಡಿ ಎಣಿಸುವ ದಿನ ಟ್ರಸ್ಟಿಗಳ ಊಟದ ಬಿಲ್ಲೇ ನಾಲ್ಕು ಸಾವಿರ. ಅದನ್ನು ಯಾರೂ ಇಲ್ಲಿ ಬರೆಯಲ್ಲ.

ಕುಂದಾಪುರದ ಮೊಕ್ತೇಸರ
ನಾವು ಊಟ ಮನೆಯಿಂದ ತರುತ್ತೇವೆ. ಗಂಜಿ, ಉಪ್ಪಿನಕಾಯಿ.

ಚಿಕ್ಕಮಗಳೂರು ಮಾಜಿ ಅಧ್ಯಕ್ಷ
ಕಾರ್ಯದರ್ಶಿಗಳೇ, ಆ ಚೀಟಿ ಹರಿದುಬಿಡಿ. ಚೀಟಿ ಇಲ್ಲದಿದ್ದರೆ ಅದು ಮಾಮೂಲಿ ಹುಂಡಿ ಹಣ, ತೆರಿಗೆಯೂ ಇಲ್ಲ.

ಮೈಸೂರಿನಿಂದ, ಆಡಿಟ್ ಕೆಲಸದವಳು
ಇಷ್ಟಾದರೂ ಬುದ್ಧಿ ಬಂದಿಲ್ಲ ನಿಮಗೆ. 18,720 ರೂಪಾಯಿಗೆ ದಾನಿ ಹೇಳಿದ ಮಾತು ಹರಿಯೋದಾ?

ಹುಬ್ಬಳ್ಳಿ ಟ್ರಸ್ಟಿ
ಮೇಡಂ, ನಿಮ್ಮ 18,720ಕ್ಕೆ ಫೀಸು ಸೇರಿಲ್ಲ. ಅದನ್ನೂ ಹೇಳಿ.

ತುಮಕೂರು ಕಡೆ ಕಾರ್ಯದರ್ಶಿ
ಹರಿಯೋ ಪ್ರಶ್ನೆಯೇ ಇಲ್ಲ. ಎಣಿಕೆ ದಿನವೇ ನಮ್ಮ ಹುಡುಗ ಅದರ ಫೋಟೊ ಗ್ರಾಮದ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟ. 43 ಜನ ನೋಡಿದ್ದಾರೆ. ಈಗ ಊರೆಲ್ಲ ಅಕ್ಷರ ಯಾರದ್ದು ಅಂತ ಹುಡುಕುತ್ತಿದೆ. ನಮ್ಮ ಹೈಸ್ಕೂಲಿನ ನಿವೃತ್ತ ಡ್ರಿಲ್ ಮೇಷ್ಟ್ರ ಅಕ್ಷರ ಇದ್ದ ಹಾಗಿದೆ ಅಂತ ಮೂವರು ಹೇಳಿದರು. ಮೇಷ್ಟ್ರನ್ನು ಕೇಳಿದೆ. "ನನ್ನ ಪೆನ್ಶನ್ ಎಷ್ಟು ಅಂತ ಗೊತ್ತಾ ನಿಂಗೆ?" ಅಂತ ಬಾಗಿಲು ಹಾಕಿಕೊಂಡರು.

ಹಾಸನದ ಖಜಾಂಚಿ
ಮೇಷ್ಟ್ರ ಹತ್ರ ಪ್ಯಾನ್ ನಂಬರ್ ಇಸ್ಕೊಂಡ್ರಾ?