ಅನುಮಾನ ಇರೋರು ಹೊಸ್ತಿಲು ತುಳೀಬಾರ್ದಾ?

('ಆಲೂರು ಮನೆ' ಕುಟುಂಬದ ವಾಟ್ಸಾಪ್ ಗುಂಪು)

ದೊಡ್ಡಪ್ಪ: [ಫಾರ್ವರ್ಡ್] 'ದೇವರಿದ್ದಾನೋ ಇಲ್ಲವೋ ಎಂಬ ಅನುಮಾನ ಇಟ್ಟುಕೊಂಡು ಗುಡಿಯ ಹೊಸ್ತಿಲು ತುಳಿಯುವವನು ತನಗೂ ದೇವರಿಗೂ ಮೋಸ ಮಾಡುತ್ತಾನೆ. ನಂಬಿಕೆ ಎಂದರೆ ನೂರಕ್ಕೆ ನೂರು. ಹತ್ತು ಜನರಿಗೆ ಕಳುಹಿಸಿ.'

ರಾಜು ಮಾವ: 🙏🙏

ಚಿಕ್ಕಮ್ಮ: ವರ್ಷಕ್ಕೊಂದೇ ಸಲ ತೆಗೆಯೋ ಹಾಸನಾಂಬೆ ಗುಡಿ ಬಾಗಿಲು ಈ ಗುರುವಾರ ತೆಗೀತಾರೆ. ನಾವು ಶನಿವಾರ ಬೆಳಗಿನ ಜಾವ ಹೊರಡೋಣ ಅಂತ. ಯಾರ್ಯಾರು ಬರ್ತೀರಿ ಹೇಳಿ, ಗಾಡಿಗೆ ಹೇಳ್ಬೇಕು.

ಪುಟ್ಟ: ನನ್ನ ಬಿಟ್ಬಿಡಿ ಚಿಕ್ಕಮ್ಮ. ದೊಡ್ಡಪ್ಪ ಹಾಕಿರೋದು ಸರಿಯಾಗೇ ಇದೆ. ದೇವ್ರು ಇದಾನೆ ಅಂತ ನಂಗೆ ಖಾತ್ರಿ ಇಲ್ಲ. ಬಂದು ಕೈ ಮುಗಿದ್ರೆ ನಾಟಕ ಆಗುತ್ತೆ.

ದೊಡ್ಡಪ್ಪ: ನಿನ್ನನ್ನ ಮನಸಲ್ಲಿಟ್ಕೊಂಡು ಹಾಕಿದ್ದಲ್ಲ ಮಗಾ. ಆದ್ರೆ ಮಾತು ನಿಜ.

ನಾನು: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ನೀವಿಬ್ರೂ ಜಗಳ ಆಡೋ ಹಾಗೆ ಕಾಣ್ತೀರಿ, ಹೇಳ್ತಿರೋದು ಮಾತ್ರ ಒಂದೇ. ಖಾತ್ರಿ ಇಲ್ದೋರು ಆಚೆ ಇರ್ಬೇಕು ಅಂತ. ಈ ಮಾತು ನಮ್ಮ ಪರಂಪರೇದೇ ಅಲ್ಲ. ಬೇಲೂರು ಚೆನ್ನಕೇಶವನ ಶಾಸನದ ಶ್ಲೋಕ ನೀವೇ ನಮಗೆ ಬಾಯಿಪಾಠ ಮಾಡ್ಸಿದ್ರಿ. ಶೈವರು ಯಾರನ್ನ ಶಿವ ಅಂತಾರೋ, ವೇದಾಂತಿಗಳು ಬ್ರಹ್ಮ ಅಂತಾರೋ, ಬೌದ್ಧರು ಬುದ್ಧ, ಜೈನರು ಅರ್ಹಂತ, ಮೀಮಾಂಸಕರು ಕರ್ಮ ಅಂತಾರೋ, ಆ ಕೇಶವ ನಿಮ್ಮ ಇಷ್ಟಾರ್ಥ ಕೊಡಲಿ ಅಂತ. ಇವರಲ್ಲಿ ಜೈನರು ಜಗತ್ತನ್ನ ಸೃಷ್ಟಿಸಿದ ದೇವ್ರು ಇದಾನೆ ಅಂತ ಒಪ್ಪಲ್ಲ. ವೇದದ ಯಜ್ಞಕರ್ಮವೇ ಮುಖ್ಯ ಅನ್ನೋ ಮೀಮಾಂಸಕರೂ ಒಪ್ಪಲ್ಲ. ಆದ್ರೂ ಮೀಮಾಂಸಕರು ಯಜ್ಞ ಬಿಡ್ಲಿಲ್ಲ, ಜೈನರು ಶ್ರವಣಬೆಳಗೊಳದಲ್ಲಿ 58 ಅಡಿ ಗೊಮ್ಮಟನಿಗೆ 12 ವರ್ಷಕ್ಕೊಮ್ಮೆ ಅಭಿಷೇಕ ಮಾಡ್ತಾರೆ. 2018ರಲ್ಲಿ ನಾವೆಲ್ಲ ಹೋಗಿದ್ವಲ್ಲ. ಅಲ್ಲಿ ಬೆಟ್ಟ ಹತ್ತಿದ ಯಾರನ್ನಾದ್ರೂ ನಾಟಕದೋರು ಅಂತ ಕರೀತೀರಾ?

ರಾಜು ಮಾವ: ಇಷ್ಟುದ್ದ ಓದೋಕೆ ಕನ್ನಡಕ ತರ್ಬೇಕು. ತಂದು ಓದ್ತೀನಿ ಇರು.

ದೊಡ್ಡಪ್ಪ: ಶ್ಲೋಕ ಸರಿ, ಅರ್ಥ ಎಳೀತಿದೀಯ. ಮೀಮಾಂಸಕರಿಗೆ ಇದ್ದದ್ದು ಅನುಮಾನ ಅಲ್ಲ, ಸಿದ್ಧಾಂತ. ಯಜ್ಞ ತಾನೇ ಫಲ ಕೊಡುತ್ತೆ, ನಡುವೆ ಈಶ್ವರ ಬೇಡ ಅಂದ್ರು. ವೇದದ ಮೇಲೆ ಅವರಿಗೆ ಕಲ್ಲಿನಂಥ ನಂಬಿಕೆ. ಜೈನರಿಗೂ ತೀರ್ಥಂಕರರ ಮೇಲೆ ಹಾಗೇ. 'ಇದೆಯೋ ಇಲ್ಲವೋ' ಅಂತ ತೂಗುಯ್ಯಾಲೆ ಆಡೋನಿಗೂ ಅವರಿಗೂ ಏನು ಸಂಬಂಧ?

ಪುಟ್ಟ: ಇದು ಸರಿಯಾದ ಪ್ರಶ್ನೆ ಅಕ್ಕ.

ನಾನು: ಸರಿಯಾದ್ದೇ. ಹಾಗಾದ್ರೆ ವೇದಕ್ಕೇ ಬರೋಣ. ಋಗ್ವೇದದ 10ನೇ ಮಂಡಲ, 129ನೇ ಸೂಕ್ತ, ನಾಸದೀಯ. ಈ ಸೃಷ್ಟಿ ಎಲ್ಲಿಂದ ಬಂತು, ಯಾರು ಬಲ್ಲರು, ದೇವತೆಗಳೂ ಸೃಷ್ಟಿ ಆದಮೇಲೆ ಬಂದವರು ಅನ್ನುತ್ತೆ. ಕೊನೆಗೆ, ಪರಮಾಕಾಶದಲ್ಲಿ ಕೂತು ನೋಡೋನು ಯಾರಿದಾನೋ ಅವನಿಗೆ ಗೊತ್ತು, 'ಯದಿ ವಾ ನ ವೇದ', ಅವನಿಗೂ ಗೊತ್ತಿಲ್ವೇನೋ. ಸೂಕ್ತ ಮುಗಿಯೋದೇ ಆ 'ಗೊತ್ತಿಲ್ವೇನೋ'ದಲ್ಲಿ. ಇದು ಸಿದ್ಧಾಂತ ಅಲ್ಲ ದೊಡ್ಡಪ್ಪ, ಇದು ತೂಗುಯ್ಯಾಲೆನೇ. ಮಂತ್ರ ಕಟ್ಟಿದ ಋಷಿನ ಯಾರೂ ಆಚೆ ಹಾಕ್ಲಿಲ್ಲ, ಅವನ ಮಾತನ್ನ ಸ್ವರ ತಪ್ಪದ ಹಾಗೆ ಬಾಯಿಂದ ಬಾಯಿಗೆ ದಾಟ್ಸಿದ್ರು.

ದೊಡ್ಡಪ್ಪ: ದೇವರಿಲ್ಲ ಅಂತ ಅಲ್ಲಿ ಹೇಳಿಲ್ಲ.

ನಾನು: ಪುಟ್ಟನೂ ಇಲ್ಲ ಅಂದಿಲ್ವಲ್ಲ. ಖಾತ್ರಿ ಇಲ್ಲ ಅಂದ.

ರಾಜು ಮಾವ: ಇದು ನಮ್ಮವರದ್ದಾಯ್ತು. ಮದರ್ ತೆರೇಸಾ ಕಾಗದಗಳು 2007ರಲ್ಲಿ ಪುಸ್ತಕ ಆಗಿ ಬಂದಾಗ ಪೇಪರ್‌ನಲ್ಲಿ ಓದಿದ್ದೆ. ಸುಮಾರು 50 ವರ್ಷ ಆಯಮ್ಮನಿಗೆ ಒಳಗೆ ದೇವರು ಇದಾನೆ ಅಂತ ಅನ್ನಿಸ್ತಾನೇ ಇರಲಿಲ್ವಂತೆ. ಗುರುಗಳಿಗೆ ಬರೆದುಕೊಂಡಿದ್ರು. ಆದ್ರೂ ಪ್ರಾರ್ಥನೆ, ರೋಗಿಗಳ ಸೇವೆ ಯಾವುದೂ ಬಿಡ್ಲಿಲ್ಲ. 2016ರಲ್ಲಿ ಪೋಪ್ ಅವರನ್ನ ಸಂತರು ಅಂತ ಘೋಷಿಸಿದ್ರು. ಆ ಕಾಗದಗಳು ಗೊತ್ತಿದ್ದೂ!

ಚಿಕ್ಕಮ್ಮ: ನಾನೊಂದು ಹೇಳ್ಲಾ ಭಾವ? ಮಾವ ತೀರಿಕೊಂಡ ವರ್ಷ ಅತ್ತೆ ದೇವರ ಮನೇಲಿ ಕೂತು ಬತ್ತಿ ಹೊಸೀತಿದ್ರು. ಬೆರಳಿಗೆ ವಿಭೂತಿ ಹಚ್ಕೊಂಡು, ತೊಡೆ ಮೇಲೆ ಹತ್ತಿ ಉರುಳಿಸ್ತಾ, ನನ್ನ ಕಡೆ ನೋಡ್ದೆ, 'ಇವನು ಇದಾನೇನೇ ಒಳಗೆ? ಇದ್ದಿದ್ರೆ ಕೇಳ್ತಿರ್ಲಿಲ್ವಾ?' ಅಂದ್ರು. ನಂಗೆ ಮಾತೇ ಹೊರಡ್ಲಿಲ್ಲ. ಅವರು ಆ ಬತ್ತಿ ಮುಗಿಸಿ ಇನ್ನೊಂದು ತಗೊಂಡ್ರು. ಸಂಜೆ ದೀಪ ಹಚ್ಚಿದ್ರು. ಆಮೇಲೂ ಎಷ್ಟೋ ಸಲ ಹಾಗೇ ಕೇಳೋರು.

ದೊಡ್ಡಪ್ಪ: ಅಮ್ಮ ಹಾಗಂದ್ರಾ?

ದೊಡ್ಡಪ್ಪ: ನನ್ ಹತ್ರ ಯಾವತ್ತೂ ಹೇಳ್ಲಿಲ್ಲ.

ನಾನು: ಹೇಗೆ ಹೇಳ್ತಾರೆ ದೊಡ್ಡಪ್ಪ? ನೂರಕ್ಕೆ ನೂರು ಅಂತ ನಾವು ಗೆರೆ ಎಳೆದುಬಿಟ್ರೆ, ಅನುಮಾನ ಬಂದೋರು ಒಂದೋ ಬಾಯಿ ಮುಚ್ಕೊಂಡಿರ್ತಾರೆ, ಇಲ್ಲ ಪುಟ್ಟನ ಹಾಗೆ ಗಾಡಿ ಹತ್ತಲ್ಲ. ಪುಟ್ಟ, ನಿಂಗೂ ಹೇಳ್ತಿದೀನಿ. ಇಲ್ದಿರೋ ಖಾತ್ರಿ ಇದೆ ಅಂತ ತೋರಿಸ್ಕೊಂಡ್ರೆ ನಾಟಕ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿ ಬಂದು ನಿಂತ್ರೆ ಅದ್ಯಾಕೆ ನಾಟಕ ಆಗುತ್ತೆ? ಹಾಸನಾಂಬೆಗೆ ಹಚ್ಚಿದ ದೀಪ ವರ್ಷವಿಡೀ ಆರಲ್ಲ ಅನ್ನೋದನ್ನ ನಾನೂ ನಂಬಲ್ಲ. ಆದ್ರೂ ಬಾಗಿಲು ತೆಗೆಯೋ ಮುಂಚೆ ಬಾಳೆಕಂದು ಕಡಿಯೋವಾಗ ನನ್ನ ಮೈ ಜುಂ ಅನ್ನುತ್ತೆ. ಎರಡೂ ನನ್ನದೇ. ಒಂದನ್ನ ಬಿಟ್ಟು ಬಾ ಅಂದ್ರೆ ಎಲ್ಲಿ ಬಿಡ್ಲಿ?

ದೊಡ್ಡಪ್ಪ: ನಂಬಿಕೆ ಬಲಿತ ಹಾಗೆ ಅನುಮಾನ ಕರಗ್ಬೇಕು. ಇದನ್ನ ನಾನು ಬಿಟ್ಕೊಡಲ್ಲ. ಹೊಸ್ತಿಲು ತುಳೀಬಾರ್ದು ಅನ್ನೋ ಸಾಲು ಮಾತ್ರ ಬೇಡ. ಅಳಿಸ್ತೀನಿ.

[ಈ ಸಂದೇಶವನ್ನು ಅಳಿಸಲಾಗಿದೆ]

ಪುಟ್ಟ: ಅಕ್ಕ ಹೇಳಿದ್ದೆಲ್ಲ ಒಪ್ಪಿದೆ ಅಂತಲ್ಲ. ಶನಿವಾರ ಬರ್ತೀನಿ. ಅರ್ಚನೆಗೆ ನನ್ನ ಹೆಸರು, ನಕ್ಷತ್ರ ಹೇಳಿಸ್ಬೇಡಿ ಅಷ್ಟೇ.

ದೊಡ್ಡಪ್ಪ: ಆಗ್ಲಿ. ಹೇಳ್ಸಲ್ಲ.

ಚಿಕ್ಕಮ್ಮ: ಹಾಗಾದ್ರೆ ಒಂಬತ್ತು ಜನ. ಟೆಂಪೋ ಟ್ರಾವೆಲರ್ ಹೇಳ್ತೀನಿ. ನಾಲ್ಕಕ್ಕೆಲ್ಲ ಎದ್ದಿರಿ.