ಮೋಟರ್‌ಹೋಮಿನ ನೆಲ ಬಾಗಿಲ ಬಳಿ ಮೆತ್ತಗಾಗಿದೆ: ರಾಳ ತುಂಬಿದರೆ ಸಾಕೇ, ಹಲಗೆಯನ್ನೇ ಬದಲಿಸಬೇಕೇ?

ಪ್ರಶ್ನೆ (ಲೀಡ್ಸ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾವು 2004ರ ಮಾದರಿಯ, ಒಳಗೇ ಉಳಿದುಕೊಳ್ಳಬಹುದಾದ ವಾಹನವಾದ ಮೋಟರ್‌ಹೋಮ್ ಒಂದನ್ನು ಕೊಂಡೆವು. ಅದರ ಬಾಗಿಲಿನಿಂದ ಅಡುಗೆಯ ಸಿಂಕ್‌ವರೆಗೆ, ಸುಮಾರು ಎರಡು ಅಡಿ ಉದ್ದದ ಜಾಗದಲ್ಲಿ, ಕಾಲಿಟ್ಟರೆ ನೆಲ ತಗ್ಗಿ ಕಿರುಗುಟ್ಟುತ್ತದೆ. ಮೇಲಿನ ವಿನೈಲ್ ಹಾಸು ಹರಿದಿಲ್ಲ, ಮುಗ್ಗಲು ವಾಸನೆಯೂ ಇಲ್ಲ. ಇಡೀ ನೆಲವನ್ನು ಕಿತ್ತು ಹಾಕಬೇಕೆಂದು ಒಂದು ವರ್ಕ್‌ಶಾಪಿನವರು ಹೇಳಿದರೆ, ರಂಧ್ರ ಕೊರೆದು ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟಿನಂಥ ರಾಳ) ತುಂಬಿದರೆ ಸಾಕೆಂದು ನೆರೆಯವರು ಹೇಳುತ್ತಾರೆ. ಬೇಸಿಗೆಯಲ್ಲಿ ಊರಿನಿಂದ ಅತ್ತೆ ಮಾವ ಬರಲಿದ್ದು, ವಯಸ್ಸಾದ ಅವರು ಓಡಾಡುವ ನೆಲ ಗಟ್ಟಿಯಾಗಿರಬೇಕೆಂಬುದೇ ನನ್ನ ಚಿಂತೆ.

ಉತ್ತರ 1 (ಬರ್ಮಿಂಗ್‌ಹ್ಯಾಮ್)

ಇಲ್ಲಿನ ಬಹುತೇಕ ಮೋಟರ್‌ಹೋಮ್‌ಗಳ ನೆಲ ಮೂರು ಪದರಗಳದ್ದು: ಮೇಲೊಂದು, ಕೆಳಗೊಂದು ತೆಳು ಪ್ಲೈವುಡ್, ನಡುವೆ ಥರ್ಮಾಕೋಲಿನಂಥ ಹಲಗೆ, ಅಲ್ಲಲ್ಲಿ ಮರದ ರೀಪರು. ಇವನ್ನು ಹಿಡಿದಿಟ್ಟಿರುವುದು ಅಂಟು ಮಾತ್ರವಾದ್ದರಿಂದ, ಹೆಚ್ಚು ತುಳಿಯುವ ಬಾಗಿಲು ಮತ್ತು ಸಿಂಕಿನ ಮುಂದೆ ಅದು ಮೊದಲು ಬಿಡುತ್ತದೆ. ಮರ ಒಣಗಿದ್ದು ಅಂಟು ಮಾತ್ರ ಬಿಟ್ಟಿದ್ದರೆ ನಿಮ್ಮ ನೆರೆಯವರ ಮಾತು ಸರಿ.

ವಿನೈಲ್ ಸರಿಸಿ, 10ರಿಂದ 15 ಸೆಂಟಿಮೀಟರಿಗೊಂದರಂತೆ ರಂಧ್ರಗಳನ್ನು ಕೊರೆಯಿರಿ. ಡ್ರಿಲ್ ಬಿಟ್ ಮೇಲಿನ ಪ್ಲೈವುಡ್ ಮತ್ತು ಥರ್ಮಾಕೋಲನ್ನು ದಾಟಬೇಕೇ ಹೊರತು ಕೆಳಗಿನ ಪ್ಲೈವುಡ್ಡನ್ನು ಎಂದಿಗೂ ತೂತು ಮಾಡಬಾರದು. ಆದ್ದರಿಂದ ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಅದಕ್ಕೂ ಮೊದಲು ವಾಹನದ ಅಡಿಗೆ ಇಳಿದು ಗ್ಯಾಸ್ ಕೊಳವೆ, ವೈರು, ನೀರಿನ ಟ್ಯಾಂಕ್ ಎಲ್ಲಿವೆಯೆಂದು ನೋಡಿಕೊಳ್ಳುವುದನ್ನು ದಯವಿಟ್ಟು ಮರೆಯಬೇಡಿ. ಎರಡು ಭಾಗಗಳನ್ನು ಬೆರೆಸಿ ಬಳಸುವ ಎಪಾಕ್ಸಿಯನ್ನು ಸಿರಿಂಜಿನಿಂದ ತುಂಬಿ, ಪಕ್ಕದ ರಂಧ್ರದಲ್ಲಿ ಅದು ಉಕ್ಕಿದ ಮೇಲೆ ಮರದ ಗೂಟ ಬಡಿದು, ಪಾಲಿಥಿನ್ ಹಾಳೆ ಹಾಸಿ, ಅದರ ಮೇಲೆ ಹಲಗೆ ಮತ್ತು ಭಾರವನ್ನಿಟ್ಟು ಒಂದು ಇಡೀ ದಿನ ಬಿಡಿ. ಚಳಿಯಲ್ಲಿ ಎಪಾಕ್ಸಿ ದಪ್ಪಗಾಗಿ ಹರಿಯದ ಕಾರಣ ಒಳಗೆ ಹೀಟರ್ ಹಚ್ಚಿ ಕೆಲಸ ಮಾಡಿ.

ಉತ್ತರ 2 (ಪೋರ್ಟ್‌ಲ್ಯಾಂಡ್, ಒರೆಗಾನ್)

ಮೇಲಿನ ವಿಧಾನವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ತೇವವನ್ನು ಅಳೆಯದೆ ಡ್ರಿಲ್ ಮುಟ್ಟಬೇಡಿ. ಮಳೆ ಬಿಡದ ನಮ್ಮ ಊರಿನಲ್ಲಿ ನಾನು ಒದ್ದೆ ನೆಲಕ್ಕೆ ರಾಳ ತುಂಬಿದೆ. ಅದು ತೇವವನ್ನು ಒಳಗೇ ಕೂಡಿಹಾಕಿತು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಅಂಗೈ ಅಗಲದ ಜಾಗ ಹಾಸಿಗೆಯ ಅಡಿಯವರೆಗೂ ಲಡ್ಡು ಹಿಡಿದು, ಕೊನೆಗೆ ಅಷ್ಟನ್ನೂ ಕತ್ತರಿಸಿ ತೆಗೆದು ಹೊಸ ರೀಪರು ಕೂರಿಸಬೇಕಾಯಿತು.

ತೇವಮಾಪಕವು ಶೇ. 20ಕ್ಕಿಂತ ಹೆಚ್ಚು ತೋರಿಸಿದರೆ ನೀರು ಎಲ್ಲಿಂದಲೋ ಬರುತ್ತಿದೆ ಎಂದೇ ಅರ್ಥ. ಮೂಲೆಗಳಲ್ಲಿ ದಬ್ಬಣದಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ ಆ ಮರಕ್ಕೆ ಎಪಾಕ್ಸಿ ಮದ್ದಲ್ಲ. ನೀರು ನೆಲ ಮೆತ್ತಗಾದ ಜಾಗದಲ್ಲೇ ಒಳಬಂದಿರಬೇಕೆಂದಿಲ್ಲ, ಚಾವಣಿಯ ಅಂಚಿನಿಂದಲೋ ಕಿಟಕಿಯ ಚೌಕಟ್ಟಿನಿಂದಲೋ ಗೋಡೆಯೊಳಗೆ ಇಳಿದು ಬಂದಿರಬಹುದು. ಸೋರುವ ಜಾಗಕ್ಕೆ ಮೇಲಿಂದ ಸಿಲಿಕೋನ್ ಬಳಿಯದೆ, ಅಲ್ಲಿನ ಅಂಚುಪಟ್ಟಿಯನ್ನು ಬಿಚ್ಚಿ, ಹಳೆಯ ಅಂಟನ್ನು ಕೆರೆದು ಬ್ಯುಟೈಲ್ ಟೇಪ್ (ನೀರು ಸೋರದಂತೆ ತಡೆಯುವ ರಬ್ಬರಿನಂಥ ಅಂಟುಪಟ್ಟಿ) ಹಾಕಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ತೇವಮಾಪಕ ತಂದು ನೋಡಿದೆ: ಸಿಂಕಿನ ಮುಂದೆ ಶೇ. 12, ಆದರೆ ಬಾಗಿಲ ಹೊಸ್ತಿಲಿನ ಬಲಮೂಲೆಯಲ್ಲಿ ಶೇ. 27. ಅಲ್ಲಿಯ ರಬ್ಬರ್ ಪಟ್ಟಿ ಬಿರುಕು ಬಿಟ್ಟಿದೆ, ದಬ್ಬಣವೂ ಬೆರಳ ಗೆಣ್ಣಿನಷ್ಟು ಇಳಿಯಿತು. ಸಿಂಕಿನ ಮುಂದೆ ಎಪಾಕ್ಸಿ ತುಂಬಿ, ಹೊಸ್ತಿಲ ಮೂಲೆಯನ್ನು ಮಾತ್ರ ಕತ್ತರಿಸಿ ನೀರು ತಾಳುವ ಮರೀನ್ ಪ್ಲೈವುಡ್ ಹಾಕಬಹುದೇ?

ಉತ್ತರ 2 (ಪೋರ್ಟ್‌ಲ್ಯಾಂಡ್, ಒರೆಗಾನ್)

ಖಂಡಿತ ಹಾಕಬಹುದು. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಹೊಸ ತುಂಡಿನ ಅಂಚುಗಳಿಗೆ ಅಡಿಯಿಂದ ರೀಪರಿನ ಆಸರೆ ಕೊಡಿ. ಮೊದಲು ರಬ್ಬರ್ ಪಟ್ಟಿಯನ್ನು ಬದಲಿಸಿ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಟ್ಟು, ಸುತ್ತಲಿನ ಮರ ಶೇ. 15ಕ್ಕೆ ಇಳಿಯುವವರೆಗೆ ಕಾಯಿರಿ. ಅದಕ್ಕೆ ಕೆಲವು ವಾರಗಳೇ ಹಿಡಿಯಬಹುದಾದ್ದರಿಂದ ಈಗಲೇ ಆರಂಭಿಸಿ.